ಅಮ್ಮನ ಹೆಸರಿನಲ್ಲಿ ಬೇಡ

ಕೆನಡಾಕ್ಕೆ ಹೋಗುವ ಆಸೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ನನಗೆ. ಕೇಳಿದವರೆಲ್ಲ ಅದು ನನ್ನ ಗಂಡನ ಆಸೆ, ನಾನು ಬೆನ್ನ ಹಿಂದೆ ಹೊರಟವಳು ಎಂದೇ ತಿಳಿದಿದ್ದರು. ಹೋಗುವುದಿಲ್ಲ ಎಂದು ತೀರ್ಮಾನವಾದ ಮೇಲೆ, ವಯಸ್ಸಾದ ತಾಯಿಗಾಗಿ ಮಗಳು ತ್ಯಾಗ ಮಾಡಿದಳು ಎಂಬ ಮಾತು ಊರಿನಲ್ಲಿ ಹಬ್ಬಿತು. ಎರಡೂ ನಿಜವಲ್ಲ. ಅರ್ಜಿ ಹಾಕಿದವಳು ನಾನು, ಪರೀಕ್ಷೆಗೆ ಕೂತವಳು ನಾನು, ಕೊನೆಗೆ ಬೇಡ ಎಂದವಳೂ ನಾನೇ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಏನು ನಡೆಯಿತೆಂದು ಬರೆಯಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಇವತ್ತು ಹೋಗುವುದೋ ಉಳಿಯುವುದೋ ಎಂಬ ಅದೇ ತಕ್ಕಡಿಯ ಮುಂದೆ ಕೂತಿರುವ ಮನೆಗಳು ನಮ್ಮ ಮಲೆನಾಡಿನಲ್ಲಿ ಊರಿಗೆ ನಾಲ್ಕಾದರೂ ಇವೆ.

2017ರ ಮಾತು. ಬೆಂಗಳೂರಿನ ಸರ್ಜಾಪುರ ರಸ್ತೆಯ ಪಕ್ಕ ಮನೆ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ನನ್ನ ಗಂಡ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮ್ಯಾನೇಜರು. ಮಗಳು ಎರಡನೇ ಕ್ಲಾಸು. ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಎಚ್-1ಬಿ ವೀಸಾ ಪದ್ಧತಿಯನ್ನು ಮರುಪರಿಶೀಲಿಸುವ ಆದೇಶಕ್ಕೆ ಸಹಿ ಹಾಕಿದ ಮೇಲೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅಮೆರಿಕದ ಮಾತು ತಗ್ಗಿ ಕೆನಡಾದ ಮಾತು ಏರಿತು. ನವೆಂಬರ್‌ನಲ್ಲಿ ಕೆನಡಾ ಸರ್ಕಾರ ಮುಂದಿನ ಮೂರು ವರ್ಷದಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನರನ್ನು ಕಾಯಂ ನಿವಾಸಿಗಳಾಗಿ ಬರಮಾಡಿಕೊಳ್ಳುವುದಾಗಿ ಹೇಳಿತು. ಊಟದ ಡಬ್ಬಿ ಬಿಚ್ಚುತ್ತಲೇ 'ನಿಂದು ಸ್ಕೋರ್ ಎಷ್ಟು?' ಎಂಬ ಪ್ರಶ್ನೆ ಬರುತ್ತಿತ್ತು.

ಹೋಗಲು ಕಾರಣಗಳು ಕೈಗೆಟುಕುವಂತೆಯೇ ಇದ್ದವು. ಬೆಳ್ಳಂದೂರು ಕೆರೆಗೆ 2017ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ಕುಡಿಯುವ ನೀರಿಗೆ ಕ್ಯಾನು, ಬಳಸುವ ನೀರಿಗೆ ಟ್ಯಾಂಕರು. ಮಗಳಿಗೆ ಚಳಿಗಾಲ ಬಂತೆಂದರೆ ಕೆಮ್ಮು. ಯಾರು ಕೇಳಿದರೂ ಇದನ್ನೇ ಹೇಳುತ್ತಿದ್ದೆ, ಕೇಳಿದವರು ತಲೆಯಾಡಿಸುತ್ತಿದ್ದರು. ಆದರೆ ಒಳಗಿನ ಕಾರಣ ಬೇರೆ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಎಲ್ಲಿಗೆ ಹೋದರೂ 'ನೀನು ಯಾರ ಮಗಳು?' ಎಂದು ಕೇಳಿಸಿಕೊಂಡು ಬೆಳೆದೆ. ಮದುವೆಯಾದ ಮೇಲೆ ಅದೇ ಪ್ರಶ್ನೆ 'ಯಾರ ಮನೆ ಸೊಸೆ?' ಎಂದಾಯಿತು. ಅದನ್ನು ಯಾರೂ ಕೇಳದ ಒಂದು ಕಡೆ, ನನ್ನ ಕೆಲಸದಿಂದ ಮಾತ್ರ ನನ್ನನ್ನು ಅಳೆಯುವ ಕಡೆ, ಒಮ್ಮೆ ಬದುಕಿ ನೋಡಬೇಕೆಂಬ ಹಂಬಲ ಇಂಜಿನಿಯರಿಂಗ್ ಓದುವಾಗಿನಿಂದಲೂ ಇತ್ತು. ಅದನ್ನು ಹಂಬಲವೆಂದು ಒಪ್ಪಿಕೊಳ್ಳಲು ಯಾವ ನಾಚಿಕೆಯೂ ನನಗಿಲ್ಲ.

ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪದ್ಧತಿಯನ್ನು ಕೆನಡಾ 2015ರ ಜನವರಿಯಲ್ಲಿ ಶುರು ಮಾಡಿತ್ತು. ಒಟ್ಟು 1200 ಅಂಕ. ವಯಸ್ಸಿಗಿಷ್ಟು, ಓದಿಗಿಷ್ಟು, ಭಾಷೆಗಿಷ್ಟು, ಅನುಭವಕ್ಕಿಷ್ಟು; ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ಒಂದಿಷ್ಟು. ಸಂಗಾತಿಯೊಂದಿಗೆ ಹೊರಟವರಿಗೆ 29ರವರೆಗೆ ವಯಸ್ಸಿನ ಲೆಕ್ಕದಲ್ಲಿ ಪೂರ್ತಿ 100 ಅಂಕ. ಆಮೇಲೆ ಹುಟ್ಟುಹಬ್ಬ ಬಂದಾಗಲೆಲ್ಲ 40ರವರೆಗೆ 5 ಅಂಕದಂತೆ, ಅಲ್ಲಿಂದಾಚೆ ಇನ್ನೂ ಬೇಗ ಕಳೆಯುತ್ತ ಹೋಗಿ 45ಕ್ಕೆ ಸೊನ್ನೆ. ನನಗೆ 35 ತುಂಬುವುದರಲ್ಲಿತ್ತು. ಕಳೆದುಹೋದ ಅಂಕವನ್ನು ಇಂಗ್ಲಿಷಿನಲ್ಲಿ ದುಡಿದುಕೊಳ್ಳಬೇಕಿತ್ತು. ಐಇಎಲ್‌ಟಿಎಸ್‌ನಲ್ಲಿ ಕೇಳಿಸಿಕೊಳ್ಳುವುದಕ್ಕೆ 8, ಓದು, ಬರಹ, ಮಾತಿಗೆ ತಲಾ 7 ಬಂದರೆ ಒಂದು ದೊಡ್ಡ ಮೆಟ್ಟಿಲು ಹತ್ತಿದಂತೆ. ಮಗಳು ಮಲಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೆ. ನನ್ನ ಗಂಡನೂ ನನಗಾಗಿ ಆ ಪರೀಕ್ಷೆಗೆ ಕೂತರು. ಓದಿನ ದಾಖಲೆ ಬೆಳಗಾವಿಯ ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲೇ ಹೋಗಬೇಕಿತ್ತು. ಹಳೆಯ ಕಂಪನಿಗಳಿಂದ ನಾನು ಏನೇನು ಕೆಲಸ ಮಾಡುತ್ತಿದ್ದೆ ಎಂದು ವಿವರವಾಗಿ ಬರೆಸಿದ ಪತ್ರ ಬೇಕು. ಮೂವರ ಸಂಸಾರಕ್ಕೆ ಹತ್ತೊಂಬತ್ತು ಸಾವಿರ ಡಾಲರಿನಷ್ಟು ಹಣ ನಮ್ಮ ಹೆಸರಿನಲ್ಲಿದೆಯೆಂದು ತೋರಿಸಬೇಕಿತ್ತು.

ಆ ಪದ್ಧತಿಯ ಒಳಗೆ ಇಳಿದ ಮೇಲೆ ಒಂದು ಸಂಗತಿ ನಡೆಯುತ್ತದೆ. 'ಹೋಗಬೇಕೆ?' ಎಂದು ಶುರುವಾದ ಪ್ರಶ್ನೆ ಕೆಲವೇ ತಿಂಗಳಲ್ಲಿ 'ಹೋಗಲು ಆಗುತ್ತದೆಯೆ?' ಎಂದಾಗಿಬಿಡುತ್ತದೆ. ಎರಡನೆಯದಕ್ಕೆ ಅಂಕವಿದೆ, ಕಟ್-ಆಫ್ ಇದೆ, ಕೊನೆಯ ದಿನವಿದೆ. ಮೊದಲನೆಯದನ್ನು ಯಾವ ಫಾರಮ್ಮೂ ಕೇಳುವುದಿಲ್ಲ.

ಈ ಮಾತನ್ನು ನನಗಿಂತ ಮೊದಲು ಅರಿತವರು ನಮ್ಮ ಪರಿಚಯದ ಹಾಸನದ ಕಡೆಯ ದಂಪತಿ. 2016ರಲ್ಲಿ ಅವರು ಟೊರೊಂಟೊ ಪಕ್ಕದ ಮಿಸ್ಸಿಸಾಗಕ್ಕೆ ಹೋಗಿ ನೆಲೆಸಿದ್ದರು. ಫೋನಿನಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಒಂಟಾರಿಯೊದಲ್ಲಿ ಹೊಸಬರಿಗೆ ಸರ್ಕಾರದ ಆರೋಗ್ಯ ವಿಮೆ ಸಿಗಲು ಆಗ ಮೂರು ತಿಂಗಳು ಕಾಯಬೇಕಿತ್ತು. ಆವರೆಗೆ ಕಾಯಿಲೆ ಬಿದ್ದರೆ ಸ್ವಂತ ಖರ್ಚು. ಗಂಡ ಮೊದಲು ಗೋದಾಮಿನಲ್ಲಿ ದುಡಿದರು. ಸಂದರ್ಶನಕ್ಕೆ ಹೋದಲ್ಲೆಲ್ಲ 'ಕೆನಡಾದ ಅನುಭವ ಇದೆಯೇ?' ಎಂಬ ಪ್ರಶ್ನೆ. ಹಾಗೆ ಕಟ್ಟುನಿಟ್ಟಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಒಂಟಾರಿಯೊದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿದ್ದರೂ ಕೇಳುವವರು ಕೇಳುತ್ತಲೇ ಇದ್ದರು. ಹೆಂಡತಿ ದಂತವೈದ್ಯೆ, ಅಲ್ಲಿಯ ರಾಷ್ಟ್ರೀಯ ಮಂಡಳಿಯ ಪರೀಕ್ಷೆಗಳನ್ನು ಒಂದೊಂದಾಗಿ ದಾಟದೆ ರೋಗಿಯನ್ನು ಮುಟ್ಟುವಂತಿಲ್ಲ. ಇಷ್ಟೆಲ್ಲ ಹೇಳಿ ಆಕೆ ಅಂದದ್ದು ನನಗೆ ಇವತ್ತಿಗೂ ಮಾದರಿಯ ಮಾತು: "ನಮಗೆ ಬರಬೇಕು ಅಂತ ಇತ್ತು, ಅದಕ್ಕೇ ತಡ್ಕೊಂಡ್ವಿ. ಬೇರೆಯವರು ಬಂದ್ರು ಅಂತ ಬಂದಿದ್ರೆ ಮೊದಲ ಫೆಬ್ರುವರಿಗೇ ವಾಪಸ್ ಓಡಿ ಬರ್ತಿದ್ವಿ." ಅವರೀಗ ಅಲ್ಲಿ ಚೆನ್ನಾಗಿದ್ದಾರೆ, ಆಕೆ ಪರೀಕ್ಷೆಗಳನ್ನು ಮುಗಿಸಿ ವೃತ್ತಿಗೆ ಮರಳಿದ್ದಾರೆ. ಅವರನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

2018ರ ಆಗಸ್ಟ್‌ನಲ್ಲಿ ನಮಗೆ ಆಹ್ವಾನ ಬಂತು. ಕಟ್-ಆಫ್ ಆಗ 440ರ ಆಸುಪಾಸಿನಲ್ಲಿತ್ತು. ಆಹ್ವಾನ ಬಂದ 60 ದಿನದೊಳಗೆ ಎಲ್ಲ ಕಾಗದ ಕೊಡಬೇಕು. ಪೊಲೀಸ್ ಪರಿಶೀಲನೆಯ ಪತ್ರ, ನಿಗದಿತ ವೈದ್ಯರ ಬಳಿ ತಪಾಸಣೆ. ಅವುಗಳ ನಡುವೆ ಕುಟುಂಬದ ವಿವರ ಕೇಳುವ ಒಂದು ಫಾರಮ್ಮೂ ಇತ್ತು. ಜೊತೆಗೆ ಬರಲಿ, ಬಿಡಲಿ, ತಂದೆ-ತಾಯಿ, ಒಡಹುಟ್ಟಿದವರ ಹೆಸರು, ಹುಟ್ಟಿದ ದಿನ, ವಿಳಾಸ, ಕಸುಬು ಎಲ್ಲ ತುಂಬಬೇಕು. ಅಮ್ಮನ ಹುಟ್ಟಿದ ದಿನ ನನಗೆ ಗೊತ್ತಿರಲಿಲ್ಲ. ಆಧಾರ್‌ನಲ್ಲಿ ಜನವರಿ 1 ಎಂದಿದೆ. ತಾರೀಕು ಗೊತ್ತಿಲ್ಲದ ನಮ್ಮ ಕಡೆಯ ಎಷ್ಟೋ ಹಿರಿಯರದ್ದು ಹಾಗೇ ಇದೆ. ಅಮ್ಮನೊಂದಿಗೆ ಎದುರಿಗೆ ಕೂತು ಮಾತಾಡಲು ಇದೇ ನೆಪ ಸಾಕೆಂದು ಊರಿಗೆ ಹೊರಟೆ.

ಆ ವರ್ಷದ ಮಳೆಯನ್ನು ಮಲೆನಾಡಿನವರು ಮರೆತಿಲ್ಲ. ಕೊಡಗಿನಲ್ಲಿ ಗುಡ್ಡಗಳು ಜರಿದು ಊರುಗಳೇ ಮುಚ್ಚಿಹೋದ ಆಗಸ್ಟ್ ಅದು. ನಮ್ಮಲ್ಲಿ ಗುಡ್ಡ ಜರಿಯಲಿಲ್ಲ, ಆದರೆ ತೋಟಕ್ಕೆ ತೋಟವೇ ಕೊಳೆರೋಗಕ್ಕೆ ಸಿಕ್ಕಿತು. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮನೆ ಮುಟ್ಟುವ ಹೊತ್ತಿಗೆ ಕರೆಂಟು ಹೋಗಿ ಮೂರು ದಿನವಾಗಿತ್ತು. ತೋಟದ ತುಂಬ ಎಳೆ ಅಡಿಕೆ ಉದುರಿ ಬಿದ್ದು ಕೊಳೆತ ವಾಸನೆ. ಕೊಳೆಗೆ ಔಷಧಿಯೆಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಮಳೆ ಹನಿ ಕಡಿದು ಗೊನೆ ಒಣಗಿದ ಹೊತ್ತಿನಲ್ಲೇ ಹೊಡೆಯಬೇಕು, ಕಲಸಿದ ದಿನವೇ ಮುಗಿಸಬೇಕು. ಮಳೆ ಬಿಡುವು ಕೊಟ್ಟ ದಿನ ಮರ ಹತ್ತುವವರು ಸಿಗುವುದಿಲ್ಲ. ಅವರು ಸಿಕ್ಕ ದಿನ ಮಳೆ ಬಿಡುವುದಿಲ್ಲ.

ನಾನು ಹೋದ ಮಾರನೆಯ ಬೆಳಿಗ್ಗೆ ಎರಡೂ ಕೂಡಿ ಬಂದವು. ಅಮ್ಮ ಸೆರಗು ಕಟ್ಟಿ ಡ್ರಮ್ಮಿನ ಪಕ್ಕ ನಿಂತಿದ್ದಳು. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಸುತ್ತ, ಕೋಲಿನಿಂದ ತಿರುಗಿಸುತ್ತ, ಕೊನೆಗೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಮೇಲೆತ್ತಿ ಬೆಳಕಿಗೆ ಹಿಡಿದಳು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ; ಹಾಗೇ ಹೊಡೆದರೆ ಗೊನೆ ಸುಡುತ್ತದೆ. ತುಸು ಕೆಂಪಿತ್ತು. ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿಸಿ ಮತ್ತೆ ಅದ್ದಿ ನೋಡಿದಳು. ಅಪ್ಪ ಇದ್ದಾಗ ಈ ಕೆಲಸ ಅಪ್ಪನದು. ಅವಳು ಇದನ್ನು ಯಾವಾಗ ಕಲಿತಳೋ ನನಗೆ ತಿಳಿದಿರಲಿಲ್ಲ.

"ಅಮ್ಮಾ, ನೀನು ಹುಟ್ಟಿದ ತಾರೀಕು ಯಾವ್ದು?"

"ಆಧಾರ್‌ನಲ್ಲಿ ಇದ್ಯಲ್ಲ."

"ಅದ್ರಲ್ಲಿ ಜನವರಿ ಒಂದು ಅಂತಿದೆ."

"ಅದು ಅವ್ರು ಬರ್ಕೊಂಡಿದ್ದು. ನಾನು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ, ಗದ್ದೆ ಕೊಯ್ಲಿನ ಹೊತ್ತಿಗೆ. ಎಂತಕ್ಕೆ ಅದು?"

ಹೇಳಿದೆ. ಅರ್ಜಿಯ ವಿಷಯ ಅವಳಿಗೆ ಗೊತ್ತಿತ್ತು, ಆದರೆ ಇಷ್ಟು ಹತ್ತಿರ ಬಂದಿದೆಯೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಸುಬು ಅಂತ ಎಂತ ಬರ್ದಿ ನನಗೆ?" ಎಂದಳು. ಇನ್ನೂ ಬರೆದಿಲ್ಲ ಅಂದೆ. "ಮನೆಗೆಲಸ ಅಂತ ಬರೀಬೇಡ. ಕೃಷಿ ಅಂತ ಬರಿ."

ಇಲ್ಲಿ ಅಣ್ಣನ ವಿಷಯ ಹೇಳಬೇಕು. ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ಅಮೆರಿಕ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡು ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದವರಿಗೆ ಶೇ. 7ರ ಮಿತಿ. ಆ ಸಾಲಿನಲ್ಲಿ ಅವನು ವರ್ಷಗಟ್ಟಲೆ ನಿಂತಿದ್ದ. 2015ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಾಗ ಅವನ ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಮುದ್ರೆಯ ಅವಧಿ ಮುಗಿದಿತ್ತು. ಇಲ್ಲಿಗೆ ಬರಲು ತಡೆಯಿಲ್ಲ, ಆದರೆ ತಿರುಗಿ ಹೋಗಬೇಕಾದರೆ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಮತ್ತೆ ಮುದ್ರೆ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಆಗ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಅಲ್ಲಿ ಹೆಂಡತಿ ತುಂಬು ಗರ್ಭಿಣಿ. ಅವನು ಎಲ್ಲವನ್ನೂ ಹೊಂದಿಸಿಕೊಂಡು ಹನ್ನೊಂದನೇ ದಿನದ ಕಾರ್ಯಕ್ಕೆ ಬಂದು ಮುಟ್ಟಿದ. ಬಂದವರಲ್ಲಿ ಹಲವರು ಅವನೆದುರಿಗೇ, 'ಇದ್ದೊಬ್ಬ ಮಗ ಬೆಂಕಿ ಕೊಡೋಕೂ ಸಿಗಲಿಲ್ಲ' ಎಂದರು. ಅದೇ ಬಾಯಿಯಲ್ಲಿ ನನ್ನನ್ನು ಹೊಗಳಿದರು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದಿದ್ದು ಬಿಟ್ಟರೆ ನಾನು ಮಾಡಿದ್ದು ಏನೂ ಇರಲಿಲ್ಲ. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಆವತ್ತಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಫೋನು ಮಾಡುತ್ತಾನೆ. ಒಂದು ದಿನವೂ ತಪ್ಪಿಸಿದ್ದು ನಾನು ಕಾಣೆ.

ಔಷಧಿ ಹೊಡೆದು ಮುಗಿಸಿ ಜಗಲಿಯಲ್ಲಿ ಕೂತಾಗ ಅಮ್ಮ ಎತ್ತಿದ್ದು ಅಣ್ಣನ ಮಾತನ್ನೇ.

"ಅವತ್ತು ಊರವರು ಅವ್ನನ್ನ ಬೈದ್ರು, ನಿನ್ನ ಹೊಗಳಿದ್ರು. ಎರಡೂ ಸುಳ್ಳು ಅಂತ ನನಗೆ ಗೊತ್ತಿತ್ತು. ಅವ್ನು ಹೋಗಿದ್ದು ನನ್ನ ಬಿಡೋಕಲ್ಲ. ನೀನು ಉಳಿದಿದ್ದು ನನ್ನ ನೋಡೋಕಲ್ಲ. ಅವ್ನಿಗೆ ಅಲ್ಲಿ ಕೆಲಸ ಆಯ್ತು, ನಿನಗೆ ಇಲ್ಲಿ ಆಯ್ತು, ಅಷ್ಟೇ. ಈಗ ನೀನು ಹೋಗೋದಾದ್ರೆ ಹೋಗು ಮಾರಾಯ್ತಿ, ನಂದೇನೂ ಅಡ್ಡಿಯಿಲ್ಲ. ಉಳಿಯೋದಾದ್ರೆ ಉಳಿ. ಆದ್ರೆ ನನ್ನ ಹೆಸ್ರಲ್ಲಿ ಉಳೀಬೇಡ. ನಾಳೆ ಅಲ್ಲಿಗೆ ಹೋದವ್ರೆಲ್ಲ ಮನೆ ಕಟ್ಟಿದ್ರು, ನಾನು ಅಮ್ಮನಿಂದಾಗಿ ಉಳ್ಕೊಂಡೆ ಅಂತ ನಿನಗೆ ಅನ್ನಿಸ್ಬಾರ್ದು. ಆ ಭಾರ ಹೊರೋಕೆ ನನಗಾಗೋದಿಲ್ಲ."

ನಾನು ಏನೋ ಹೇಳಲು ಹೊರಟೆ. ತಂದೆ-ತಾಯಿಯನ್ನು ಕರೆಸಿಕೊಳ್ಳುವ ಯೋಜನೆ ಕೆನಡಾದಲ್ಲಿ ಇದೆಯೆಂದು ಓದಿಕೊಂಡಿದ್ದೆ. ಕಾಯಂ ಆಗಿ ಕರೆಸಿಕೊಳ್ಳುವುದಕ್ಕೆ ನೂಕುನುಗ್ಗಲು. ಮುಂದೆ 2019ರ ಜನವರಿಯಲ್ಲಿ ಅದರ ಫಾರಮ್ ಆನ್‌ಲೈನಿನಲ್ಲಿ ತೆರೆದು ಕೆಲವೇ ನಿಮಿಷದಲ್ಲಿ ಮುಚ್ಚಿಹೋಯಿತು. ಅದು ಬಿಟ್ಟರೆ ಸೂಪರ್ ವೀಸಾ. ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಿದರೆ ಒಮ್ಮೆಗೆ ಎರಡು ವರ್ಷದವರೆಗೆ ಇರಬಹುದಿತ್ತು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅಲ್ಲಿ ನಾನು ಎರಡು ವರ್ಷ ಎಂತ ಮಾಡ್ಲಿ? ಇಲ್ಲಿ ಕೊಳೆ ಔಷಧಿ ಯಾರು ನೋಡ್ತಾರೆ?" ಎಂದಳು. ಅದು ಬೇಸರದ ಮಾತಲ್ಲ, ಕೆಲಸವಿರುವವಳ ಮಾತು. ಅಲ್ಲಿಯವರೆಗೆ ನಾವು ಅಣ್ಣ-ತಂಗಿ ಇಬ್ಬರೂ ಫೋನಿನಲ್ಲಿ ಚರ್ಚಿಸುತ್ತಿದ್ದದ್ದು 'ಅಮ್ಮನನ್ನು ಏನು ಮಾಡುವುದು' ಎಂದು. ಅಮ್ಮ ಏನು ಮಾಡಬೇಕೆಂದಿದ್ದಾಳೆ ಎಂದು ಕೇಳುವುದು ನಮಗೆ ಹೊಳೆದಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಬೇರೆ. "ಹೋಗೋದ್ರೊಳಗೆ ಒಂದು ಕೆಲಸ ಮಾಡಿಕೊಡು. ಪಹಣಿ ಇನ್ನೂ ನಿನ್ನಪ್ಪನ ಹೆಸ್ರಲ್ಲೇ ಇದೆ. ಸಹಕಾರಿ ಸಂಘದಲ್ಲಿ ಬೆಳೆಸಾಲಕ್ಕೆ ಹೋದ್ರೆ ಖಾತೆ ಕೇಳ್ತಾರೆ."

ಮೂರು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಆಗ ಸಹಕಾರ ಸಂಘಗಳಲ್ಲಿ ಸಿಗುತ್ತಿತ್ತು, ಅದು ಖಾತೆದಾರನಿಗೆ. ಸತ್ತವರ ಹೆಸರಿನಲ್ಲಿರುವ ಜಮೀನಿಗೆ ಸಾಲವಿಲ್ಲ, ಬೆಳೆ ಪರಿಹಾರವೂ ಸುಲಭಕ್ಕೆ ಬರುವುದಿಲ್ಲ. ಆ ವರ್ಷ ಕೊಳೆರೋಗದ ನಷ್ಟಕ್ಕೆ ಅರ್ಜಿ ಕೊಡುವಾಗ ಎಷ್ಟೋ ಮನೆಯವರು ಇದೇ ಕಾರಣಕ್ಕೆ ಪರದಾಡಿದ್ದನ್ನು ಕಣ್ಣಾರೆ ಕಂಡೆ. ಮಕ್ಕಳು ಬೆಂಗಳೂರು, ಪುಣೆ, ಟೆಕ್ಸಾಸ್ ಎಂದು ಹರಡಿಹೋಗಿರುವ ಮನೆಗಳಲ್ಲಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗದೆ ಉಳಿದಿರುವುದು ಸಾಮಾನ್ಯ. ಯಾರೂ ಬೇಡವೆನ್ನುವುದಿಲ್ಲ, ಮುಂದಿನ ಸಲ ಬಂದಾಗ ನೋಡೋಣ ಎನ್ನುತ್ತಾರೆ.

ಹಾಗಾಗಿ ಆ ಮಳೆಗಾಲದಲ್ಲಿ ನನ್ನ ಬ್ಯಾಗಿನಲ್ಲಿ ಎರಡು ಕಡತವಿದ್ದವು. ಒಂದರಲ್ಲಿ ಕೆನಡಾದ ಕಾಗದ. ಇನ್ನೊಂದರಲ್ಲಿ ಅಪ್ಪನ ಮರಣಪತ್ರ, ವಂಶವೃಕ್ಷ, ಪಹಣಿ, ಅಣ್ಣ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳುಹಿಸಿದ ಅಫಿಡವಿಟ್ಟು. ನಾಡಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರೊಬ್ಬರು ಕಾಗದ ತಿರುವಿ ಹಾಕಿ, "ನೀವು ಹಕ್ಕು ಬಿಡುಗಡೆ ಮಾಡ್ತೀರಲ್ಲ? ಮದುವೆಯಾದವರು, ಹೊರದೇಶಕ್ಕೆ ಬೇರೆ ಹೋಗೋರು" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೆ ಸಹಿ ಹಾಕಿಬಿಡುವುದೇ ರೂಢಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಸಹಿ ಹಾಕಿಸಿಕೊಳ್ಳುವ ರೂಢಿ ಮಾತ್ರ ಹಾಗೇ ಇದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇಲ್ಲ, ಅವ್ಳ ಹೆಸ್ರೂ ಬರ್ಲಿ" ಎಂದಳು. ಹೊರದೇಶದಲ್ಲಿರುವ ಭಾರತೀಯರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಂಶಪಾರಂಪರ್ಯವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹೋದರೂ ನನ್ನ ಹೆಸರು ಅಲ್ಲಿ ಉಳಿಯುತ್ತಿತ್ತು. ಕಾನೂನು ನನ್ನನ್ನು ಯಾವ ಕಡೆಗೂ ತಳ್ಳಲಿಲ್ಲ.

ಕೆನಡಾದ ಅನುಮತಿ 2019ರ ಫೆಬ್ರುವರಿಯಲ್ಲಿ ಬಂತು. ವೈದ್ಯಕೀಯ ತಪಾಸಣೆಯಾಗಿ ಒಂದು ವರ್ಷದೊಳಗೆ ಅಲ್ಲಿ ಕಾಲಿಡಬೇಕು; ಅಂದರೆ ಮುಂದಿನ ಮಳೆಗಾಲ ಮುಗಿಯುವುದರೊಳಗೆ. ಮೂವರ ಪಾಸ್‌ಪೋರ್ಟಿನಲ್ಲೂ ವೀಸಾ ಅಂಟಿತ್ತು. ಆಫೀಸಿನಲ್ಲಿ ಸಿಹಿ ಹಂಚಿದೆ, ಸಂತೋಷವಾಗಿಯೇ ಹಂಚಿದೆ. ಮನೆಗೆ ಬಂದ ಮೇಲೆ ಮಾತ್ರ ನನ್ನ ಗಂಡನ ಮುಂದೆ ಕೂತು, ಅದುವರೆಗೆ ಕೇಳದ ಪ್ರಶ್ನೆ ಕೇಳಿದೆ: "ನಿಮಗೆ ಹೋಗಬೇಕು ಅಂತ ಇದೆಯಾ?"

ಅವರು ಯೋಚಿಸಿಯೇ ಉತ್ತರ ಕೊಟ್ಟರು. "ನೀನು ಹೋಗೋಣ ಅಂದ್ರೆ ಬರ್ತೀನಿ. ಬಂದ ಮೇಲೆ ಗೊಣಗೋದೂ ಇಲ್ಲ. ಆದ್ರೆ ಅಲ್ಲಿ ಹೋಗಿ ಏನು ಮಾಡ್ಬೇಕು ಅನ್ನೋ ಆಸೆ ನನ್ನೊಳಗೆ ಒಂದೂ ಹುಟ್ಟಿಲ್ಲ." ಹದಿನೈದು ವರ್ಷ ಬ್ಯಾಂಕಿನಲ್ಲಿ ದುಡಿದು ಶಾಖೆಯೊಂದನ್ನು ನಡೆಸುವ ಮನುಷ್ಯ ಅಲ್ಲಿ ಕೌಂಟರಿನಿಂದ ಶುರು ಮಾಡಬೇಕು. ಅದು ಕೀಳಲ್ಲ, ಹಾಸನದವರು ಗೋದಾಮಿನಿಂದ ಶುರು ಮಾಡಿದರು. ಆದರೆ ಅವರ ಹಿಂದೆ ಅವರದೇ ಆಸೆಯಿತ್ತು. ಇನ್ನೊಬ್ಬರ ಆಸೆಯ ಮೇಲೆ ಅಷ್ಟು ದೂರ ನಡೆಯುವುದು ಕಷ್ಟ.

ಮಗಳ ಭವಿಷ್ಯಕ್ಕಾಗಿ ಹೋಗಿ ಎಂದು ಹೇಳಿದವರು ಬಹಳ. ಅಲ್ಲಿಯ ಸರ್ಕಾರಿ ಶಾಲೆ ಒಳ್ಳೆಯದು, ಶುಲ್ಕವಿಲ್ಲ, ಮಕ್ಕಳಿಗೆ ತಿಂಗಳ ಭತ್ಯೆಯೂ ಇದೆ; ಎಲ್ಲ ನಿಜ. ಆದರೆ ಅಮ್ಮನ ಮಾತು ಕಿವಿಯಲ್ಲಿತ್ತು. ತಾಯಿಯ ಹೆಸರಿನಲ್ಲಿ ಉಳಿಯಬಾರದಾದರೆ ಮಗಳ ಹೆಸರಿನಲ್ಲಿ ಹೋಗಲೂಬಾರದು. ನಿನಗೋಸ್ಕರ ಬಂದೆವು ಎಂಬ ಮಾತನ್ನು ಒಂಬತ್ತು ವರ್ಷದ ಹುಡುಗಿಯ ತಲೆಗೆ ಕಟ್ಟಿದರೆ ಅವಳು ಅಲ್ಲಿ ಪ್ರತಿ ಪರೀಕ್ಷೆಯಲ್ಲೂ ಆ ಸಾಲ ತೀರಿಸುತ್ತಿರಬೇಕಾಗುತ್ತದೆ. ನಮ್ಮಲ್ಲಿ ಹೋಗುವವರು ಮಕ್ಕಳ ಹೆಸರು ಹೇಳುತ್ತಾರೆ, ಉಳಿಯುವವರು ತಂದೆ-ತಾಯಿಯ ಹೆಸರು ಹೇಳುತ್ತಾರೆ. ತಮ್ಮ ಹೆಸರು ಹೇಳುವವರು ಕಡಿಮೆ. ಅವಳು ಎಲ್ಲಿದ್ದರೂ ಬೆಳೆಯುತ್ತಾಳೆ ಎಂಬ ನಂಬಿಕೆ ನಮಗಿಬ್ಬರಿಗೂ ಇತ್ತು. ಅವಳನ್ನು ತಕ್ಕಡಿಯಿಂದ ಇಳಿಸಿದೆವು.

ಆಮೇಲೆ ಉಳಿದದ್ದು ನಾನು. ನನಗೆ ಏನು ಬೇಕು?

ಪೌತಿ ಖಾತೆಯ ಓಡಾಟದ ನಂತರ ಆ ಕೊಯ್ಲಿಗೆ ನಾನು ಮತ್ತೆ ಮತ್ತೆ ಊರಿಗೆ ಹೋಗಿದ್ದೆ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತು ಚೊಗರು ಎಷ್ಟು ಗಟ್ಟಿಯಿರಬೇಕೆಂದು ಕೇಳಿ ತಿಳಿದುಕೊಂಡೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳ ಹೆಸರುಗಳನ್ನು ಹುಟ್ಟಿದಾಗಿನಿಂದ ಕೇಳಿದ್ದರೂ ಅವನ್ನು ಕಣ್ಣಲ್ಲಿ ಬೇರೆ ಮಾಡಲು ಬರುತ್ತಿರಲಿಲ್ಲ. ಆ ವರ್ಷ ಕಲಿತೆ. ಶಿವಮೊಗ್ಗದ ಮಂಡಿಗೆ ಅಮ್ಮನೊಂದಿಗೆ ಹೋಗಿ ಧಾರಣೆ ಬರೆದುಕೊಂಡೆ. ಕೊಳೆಯಿಂದಾಗಿ ಫಸಲು ಅರ್ಧಕ್ಕಿಂತ ಕಡಿಮೆ. ಮುಂದಿನ ವರ್ಷ ಔಷಧಿಯನ್ನು ಮಳೆ ಹಿಡಿಯುವ ಮೊದಲೇ ಒಂದು ಸಲ ಹೊಡೆಸಬೇಕು, ಬಸಿಗಾಲುವೆ ಆಳ ಮಾಡಿಸಬೇಕು, ನಡುವೆ ಮೆಣಸಿನ ಬಳ್ಳಿ ಹೆಚ್ಚಿಸಬೇಕು ಎಂದು ಅಮ್ಮನೂ ನಾನೂ ವಾದ ಮಾಡುತ್ತ ಕೂರುತ್ತಿದ್ದೆವು. ಪಹಣಿಯಲ್ಲಿ ನನ್ನ ಹೆಸರು ಬಂದ ಮೇಲೆ ಆ ವಾದದಲ್ಲಿ ನನ್ನ ಮಾತಿಗೊಂದು ತೂಕ ಬಂದಿತ್ತು. ಆಳುಗಳು 'ಅಮ್ಮೋರ ಮಗಳು' ಎನ್ನುತ್ತಿದ್ದವರು ನನ್ನನ್ನೇ ನಿಲ್ಲಿಸಿ ಕೆಲಸ ಕೇಳತೊಡಗಿದರು. ನನ್ನ ಕೆಲಸದಿಂದ ನನ್ನನ್ನು ಅಳೆಯುವ ಜಾಗಕ್ಕಾಗಿ ಅಷ್ಟು ದೂರದ ಅರ್ಜಿ ಹಾಕಿದ್ದೆ. ಅಂಥದ್ದೊಂದು ಜಾಗ ಇಲ್ಲೇ, ಈ ಎರಡು ಎಕರೆಯಲ್ಲಿ, ನನಗೆ ತೆರೆಯುತ್ತಿತ್ತು. ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಮನಸ್ಸಿರಲಿಲ್ಲ ಎಂಬುದೇ ಪೂರ್ತಿ ಕಾರಣ.

ಜುಲೈನಲ್ಲಿ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಯಾರಿಗೋಸ್ಕರ?" ನನಗೋಸ್ಕರ ಎಂದೆ. "ಹಾಗಾದ್ರೆ ಸೈ" ಎಂದು, ಮೈಲುತುತ್ತದ ರೇಟು ಬೆಂಗಳೂರಿನಲ್ಲಿ ಎಷ್ಟಿದೆ ವಿಚಾರಿಸು ಎಂದಳು. ವೀಸಾದ ಅವಧಿ ಆ ಮಳೆಗಾಲದಲ್ಲಿ ಮುಗಿಯಿತು.

ಆಮೇಲೆ ಬಂದ ಕೊರೊನಾ ಕಾಲದಲ್ಲಿ, 'ಹೋಗದೇ ಇದ್ದದ್ದು ಒಳ್ಳೇದಾಯ್ತು, ನೋಡಿ' ಎಂದವರಿಗೆ ಲೆಕ್ಕವಿಲ್ಲ. ನಾನು ಒಪ್ಪಲಿಲ್ಲ. 2020ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತು ಅಣ್ಣ ಅಲ್ಲಿ ಸಿಕ್ಕಿಹಾಕಿಕೊಂಡ, ಹೌದು. ಆದರೆ ಜಿಲ್ಲೆಯ ಗಡಿಗಳೂ ಮುಚ್ಚಿದ್ದವು. ಒಂದು ರಾತ್ರಿಯ ದಾರಿಯಲ್ಲಿದ್ದ ನಾನೂ ವಾರಗಟ್ಟಲೆ ಅಮ್ಮನ ಮುಖ ನೋಡಲಾಗಲಿಲ್ಲ. ಆ ದಿನಗಳಲ್ಲಿ ಅವಳನ್ನು ನೋಡಿಕೊಂಡವರು ಪಕ್ಕದ ಮನೆಯವರು ಮತ್ತು ತೋಟದ ಕೆಲಸಕ್ಕೆ ಬರುವ ಒಬ್ಬ ಹುಡುಗ. ಅಣ್ಣ ಅಲ್ಲಿಂದಲೇ ಔಷಧಿ ಅಂಗಡಿಗೆ ಫೋನು ಮಾಡಿ ಬಿ.ಪಿ. ಮಾತ್ರೆ ಮನೆಗೆ ತಲುಪಿಸುವ ವ್ಯವಸ್ಥೆ ಮಾಡಿದ್ದ. ಹತ್ತಿರವಿದ್ದ ನನಗಿಂತ ದೂರವಿದ್ದ ಅವನೇ ಅವತ್ತು ಹೆಚ್ಚು ಉಪಯೋಗಕ್ಕೆ ಬಂದ. ನಮ್ಮ ಆಫೀಸಿನ ತಂಡದಿಂದ ಕೆನಡಾಕ್ಕೆ ಹೋದವರಲ್ಲಿ ಇಬ್ಬರು ಈಗ ಅಲ್ಲಿಯ ಪೌರರು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಇಲ್ಲಿಯ ಪಾಸ್‌ಪೋರ್ಟು ಒಪ್ಪಿಸಿ ಒಸಿಐ ಕಾರ್ಡು ಮಾಡಿಸಿಕೊಂಡಿದ್ದಾರೆ. ಪಾಸ್‌ಪೋರ್ಟು ಒಪ್ಪಿಸಿದ ದಿನ ಅತ್ತದ್ದನ್ನೂ, ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದದ್ದನ್ನೂ ಅವರೇ ಹೇಳಿದರು. ಅವರು ಮಾಡಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ.

ಈ ತಕ್ಕಡಿಯ ಮುಂದೆ ಕೂತಿರುವವರಿಗೆ ಎರಡು ಮಾತು ಕೇಳಿಕೊಳ್ಳುತ್ತೇನೆ. ಅಂಕದ ಲೆಕ್ಕ ಶುರು ಮಾಡುವ ಮೊದಲು ಮನೆಗೆ ಹೋಗಿ, ಹಿರಿಯರ ಎದುರು ಕೂತು, ಮುಂದಿನ ಹತ್ತು ವರ್ಷ ನೀವು ಏನು ಮಾಡಬೇಕೆಂದಿದ್ದೀರಿ ಎಂದು ಅವರನ್ನೇ ಕೇಳಿ. ಅವರ ಪರವಾಗಿ ನೀವೇ ಉತ್ತರ ಬರೆದುಕೊಳ್ಳಬೇಡಿ. ಪಹಣಿ ಇನ್ನೂ ಅಜ್ಜನದೋ ಅಪ್ಪನದೋ ಹೆಸರಿನಲ್ಲಿದ್ದರೆ ಹೊರಡುವ ಮೊದಲು ಪೌತಿ ಖಾತೆ ಮಾಡಿಸಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬರೆಸಿ. ಊರಿನಲ್ಲಿರುವವರಿಗೂ ಒಂದು ಮಾತು: ಯಾರದಾದರೂ ಮಗನೋ ಮಗಳೋ ದೂರ ಹೋದಾಗ ಅವರ ತಾಯಿಯ ಎದುರು 'ಬಿಟ್ಟು ಹೋದ್ರಾ' ಎನ್ನಬೇಡಿ. ಕೊಳೆ ಔಷಧಿ ಹೊಡೆಯಲು ಜನ ಸಿಕ್ಕಿದರಾ ಎಂದು ಕೇಳಿ. ಸಿಕ್ಕಿಲ್ಲವೆಂದರೆ ನಿಮ್ಮ ತೋಟಕ್ಕೆ ಬಂದವರನ್ನು ಮಾರನೆಯ ದಿನ ಅಲ್ಲಿಗೂ ಕಳುಹಿಸಿಕೊಡಿ.